ಟೊಮೆಟೊ ಬಾಕ್ಸಿನ ಮುಂದೆ ಒಂದು ವಾಕ್ಯ

"ಅಕ್ಕಾ, ನಮ್ಮ ಹುಡುಗನಿಗೆ ಬೈಬಲಿನ ಇಪ್ಪತ್ತು ವಾಕ್ಯ ಬಾಯಿಪಾಠ ಬರುತ್ತೆ. ಮನೆಗೆ ಬಂದರೆ ಸುಳ್ಳು ಹೇಳ್ತಾನೆ, ತಂಗಿಗೆ ಹೊಡೀತಾನೆ. ನಿಮ್ಮ ಮಕ್ಕಳಿಗೆ ನೀವು ಹೇಗೆ ಕಲಿಸ್ತೀರಿ?"

ಕೋಲಾರದಲ್ಲಿ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಆರಾಧನೆ ಮುಗಿದು ಹೊರಗೆ ಬಂದ ಕೂಡಲೇ ಯಾರಾದರೂ ಒಬ್ಬ ತಾಯಿ ಈ ಪ್ರಶ್ನೆ ಕೇಳುತ್ತಾರೆ. ಬಸ್ಸಿಗೆ ಹೊತ್ತಾಗಿರುತ್ತದೆ, ಅರ್ಧ ಉತ್ತರ ಹೇಳಿ ಓಡುತ್ತೇನೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ವಾಕ್ಯ ಬಾಯಿಪಾಠ ಮಾಡಿಸುವುದು ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲೂ ಮಾಡಿಸುತ್ತೇವೆ. ಅದೂ ಕನ್ನಡದಲ್ಲೇ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಬೈಬಲ್ ಓದುವುದು ಕಷ್ಟ, ಹಾಗಾಗಿ ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಬೆರಳಿಟ್ಟು ಹಿಂದೆ ಬರುತ್ತಾರೆ. ಇಡೀ ಬೈಬಲ್ 1831ರಲ್ಲೇ ಬಳ್ಳಾರಿಯಲ್ಲಿ ಕನ್ನಡದಲ್ಲಿ ಅಚ್ಚಾಯಿತು. ಅಷ್ಟು ಹಿಂದಿನಿಂದ ನಮ್ಮ ಭಾಷೆಯಲ್ಲಿ ಇರುವ ಮಾತನ್ನು ನಮ್ಮ ಮಕ್ಕಳು ಬೇರೆ ಭಾಷೆಯಲ್ಲಿ ಮಾತ್ರ ಕೇಳಿ ಬೆಳೆಯುವುದು ನನಗೆ ಇಷ್ಟವಿಲ್ಲ.

ಆದರೆ ಬಾಯಿಗೆ ಬಂದದ್ದು ಕೈಗೆ ಬರಬೇಕಾದರೆ ಬೇರೆಯದೇ ಸಮಯ ಬೇಕು. ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯದಲ್ಲಿ ಮೋಶೆ ಆ ಸಮಯ ಯಾವುದು ಅಂತ ಹೇಳಿದ್ದಾನೆ. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ದೇವರ ಮಾತು ಆಡಬೇಕು ಅಂತ. ವಾರಕ್ಕೊಂದು ಗಂಟೆಯ ಪಾಠ ಅಂತ ಅಲ್ಲಿ ಇಲ್ಲ. ಈ ಮಾತು ನನಗೆ ನಿಜವಾಗಿ ಅರ್ಥವಾದದ್ದು ನನ್ನ ಮಗನಿಂದ.

ನಮ್ಮೂರು ವೇಮಗಲ್ ಕಡೆ. ಒಂದೂವರೆ ಎಕರೆಯಲ್ಲಿ ಟೊಮೆಟೊ ಹಾಕುತ್ತೇವೆ. 2023ರ ಜುಲೈ ನಿಮಗೆಲ್ಲ ನೆನಪಿರಬೇಕು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿತ್ತು. ಬೇರೆ ವರ್ಷ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದವರು ಆ ವರ್ಷ ರಾತ್ರಿ ತೋಟದಲ್ಲೇ ಮಲಗಿ ಕಾವಲು ಕಾದರು.

ಒಂದು ಸಂಜೆ ಬಾಕ್ಸ್ ತುಂಬುತ್ತಿದ್ದೆವು. ಕೆಳಗೆ ಸಣ್ಣ ಹಣ್ಣು, ಸ್ವಲ್ಪ ಮೆತ್ತಗಾದದ್ದು. ಮೇಲಿನ ಎರಡು ಸಾಲು ದಪ್ಪ, ಕೆಂಪು, ಒಂದೇ ಸಮ. ಹಾಗೆ ತುಂಬಿಯೇ ಕೈಗೆ ಅಭ್ಯಾಸ. ಪಕ್ಕದಲ್ಲಿ ಕೂತು ಹಣ್ಣು ಆರಿಸುತ್ತಿದ್ದ ಮಗ, ಆಗ ಅವನಿಗೆ ಒಂಬತ್ತು ವರ್ಷ, ಕೇಳಿದ: "ಅಮ್ಮಾ, ಮೋಸದ ತಕ್ಕಡಿ ಅಂದರೆ ಇದೇನಾ?"

ಹಿಂದಿನ ಭಾನುವಾರ ಬೈಬಲಿನ ಜ್ಞಾನೋಕ್ತಿಗಳು 11ನೇ ಅಧ್ಯಾಯದ ಮೊದಲ ವಚನ ಕಲಿಸಿದ್ದವಳು ನಾನೇ. ಮೋಸದ ತಕ್ಕಡಿ ದೇವರಿಗೆ ಅಸಹ್ಯ, ನ್ಯಾಯದ ತೂಕ ಆತನಿಗೆ ಸಂತೋಷ ಅಂತ. ಅವನು ನನ್ನನ್ನು ಹಂಗಿಸಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ನಾನು ಏನು ಹೇಳಿದೆ ಗೊತ್ತಾ? "ದೊಡ್ಡವರ ವಿಷಯ ನಿನಗ್ಯಾಕೆ, ಸುಮ್ನೆ ಕೆಲಸ ನೋಡು" ಅಂದೆ. ಕೂಲಿಯವರೆಲ್ಲ ನೋಡುತ್ತಿದ್ದರು. ಹುಡುಗ ತಲೆ ತಗ್ಗಿಸಿದ.

ರಾತ್ರಿ ಪ್ರಾರ್ಥನೆಗೆ ಕೂತೆವು. ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಶುರು ಮಾಡಿ, ನಮ್ಮ ತಪ್ಪುಗಳನ್ನು ಕ್ಷಮಿಸು ಅನ್ನುವ ಕಡೆ ಬಂದಾಗ ನನ್ನ ದನಿ ಹೊರಡಲಿಲ್ಲ. ನಿದ್ದೆಯೂ ಬರಲಿಲ್ಲ. ನಮ್ಮನೆಯವರನ್ನು ಎಬ್ಬಿಸಿ ಹೇಳಿದೆ. "ಎಲ್ಲರೂ ಹಾಗೇ ತುಂಬೋದು, ಕೊಳ್ಳೋರಿಗೂ ಗೊತ್ತು, ಅದನ್ನು ಲೆಕ್ಕ ಹಾಕಿಯೇ ಹರಾಜು ಕೂಗ್ತಾರೆ" ಅಂದರು. ಅದು ಸುಳ್ಳಲ್ಲ. ಆದರೆ ಆ ಲೆಕ್ಕವನ್ನು ಒಂಬತ್ತು ವರ್ಷದ ಮಗುವಿಗೆ ಕಲಿಸುವುದು ಹೇಗೆ? ವಾಕ್ಯ ಭಾನುವಾರಕ್ಕೆ, ಬಾಕ್ಸ್ ಸೋಮವಾರಕ್ಕೆ ಅಂತ ಹೇಳಿಕೊಟ್ಟ ಹಾಗೆ ಆಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಎದ್ದು ಲೈಟ್ ಹಾಕಿದರು.

ಬಾಕ್ಸುಗಳು ಬೆಳಗಿನ ಜಾವ ಗಾಡಿಗೆ ಹೋಗಬೇಕಿತ್ತು. ಮಗನನ್ನು ಎಬ್ಬಿಸಿದೆ. "ನೀನು ಕೇಳಿದ್ದು ಸರಿ, ನಾನು ಬೈದದ್ದು ತಪ್ಪು. ನನ್ನನ್ನು ಕ್ಷಮಿಸು ಕಂದಾ" ಅಂದೆ. ಹೆತ್ತ ಮಗನ ಹತ್ತಿರ ಆ ಮಾತು ಹೇಳುವುದು ಸುಲಭವಲ್ಲ. ನಮ್ಮ ಅಪ್ಪ ಅಮ್ಮ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮೂವರೂ ಕೂತು ಬಾಕ್ಸ್ ಸುರಿದು ಮತ್ತೆ ಆರಿಸಿದೆವು. ದಪ್ಪ ಹಣ್ಣು ಬೇರೆ, ಸಣ್ಣದು ಬೇರೆ, ಮೆತ್ತಗಿನದು ಮನೆಗೆ. ಸಣ್ಣ ಹಣ್ಣಿನ ಬಾಕ್ಸಿಗೆ ಬೆಲೆ ಕಡಿಮೆ ಬಂತು. ಒಟ್ಟಿನಲ್ಲಿ ಆವತ್ತು ನಷ್ಟವೇ.

ಈ ನಷ್ಟದ ವಿಷಯ ಬಿಡದೆ ಹೇಳುತ್ತೇನೆ. ಕೆಲವರು ಈ ಕಥೆ ಕೇಳಿ, "ಆಮೇಲೆ ದೇವರು ಎರಡರಷ್ಟು ಕೊಟ್ಟಿರಬೇಕು ಅಲ್ವಾ?" ಅಂತಾರೆ. ಕೊಡಲಿಲ್ಲ. ಆಗಸ್ಟ್ ಕಳೆಯುತ್ತಾ ರೇಟ್ ಬಿತ್ತು, ಎಲ್ಲರಿಗೂ ಬಿದ್ದ ಹಾಗೆ. ಒಳ್ಳೆಯದು ಮಾಡಿದರೆ ದೇವರು ದುಡ್ಡು ಕೊಡುತ್ತಾನೆ ಅಂತ ದಯವಿಟ್ಟು ಮಕ್ಕಳಿಗೆ ಹೇಳಬೇಡಿ. ದುಡ್ಡು ಬರದ ದಿನ ಅವರು ದೇವರನ್ನೂ ಬಿಡುತ್ತಾರೆ, ಒಳ್ಳೆಯದನ್ನೂ ಬಿಡುತ್ತಾರೆ. ಬೈಬಲಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ಓದಿ. ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂದ ಅವನು. ಯೇಸು ತನ್ನ ಮನೆಗೆ ಬಂದ ಸಂತೋಷಕ್ಕೆ ಕೊಟ್ಟ, ಲಾಭಕ್ಕಲ್ಲ. ಆವತ್ತು ಸಂಜೆ ಮಗನಿಗೆ ಓದಿ ಹೇಳಿದ್ದು ಇದೇ ಕಥೆ. ಯೇಸುವನ್ನು ನೋಡಲು ಜಕ್ಕಾಯ ಮರ ಹತ್ತಿದ ಭಾಗ ಮಾತ್ರ ಮಗ ಸಂಡೇ ಸ್ಕೂಲಿನಲ್ಲಿ ನೆನಪಿಟ್ಟುಕೊಂಡಿದ್ದ. ನಾಲ್ಕರಷ್ಟು ಅನ್ನುವುದು ಈಗ ಕಿವಿಗೆ ಬಿತ್ತು.

ಹೊಡೆದು ಕಲಿಸಬೇಕಾ ಅಂತಲೂ ಕೇಳುತ್ತಾರೆ. ನಾನು ಹೊಡೆಯುವುದಿಲ್ಲ. ತಂದೆಗಳೇ ನಿಮ್ಮ ಮಕ್ಕಳನ್ನು ಕೋಪಕ್ಕೆ ಎಬ್ಬಿಸಬೇಡಿ ಅಂತ ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿದೆ. ಅದು ತಾಯಂದಿರಿಗೂ ಸೇರಿ ಅಂತ ನನ್ನ ನಂಬಿಕೆ.

ಬೇರೆ ಧರ್ಮದವರ ಜೊತೆ ಹೇಗಿರಬೇಕು ಅನ್ನುವುದನ್ನು ನಾವು ಕೂರಿಸಿ ಹೇಳಿಕೊಟ್ಟಿಲ್ಲ. ಯುಗಾದಿಗೆ ಪಕ್ಕದ ಮನೆ ಅಜ್ಜಿ ಒಬ್ಬಟ್ಟು ಕೊಡುತ್ತಾರೆ. ಕ್ರಿಸ್ಮಸ್‌ಗೆ ನಾವು ಕಜ್ಜಾಯ, ಕೇಕ್ ಕೊಡುತ್ತೇವೆ. ತಟ್ಟೆ ಹೊತ್ತುಕೊಂಡು ಹೋಗುವುದು ಮಗಳ ಕೆಲಸ. ಕೋಲಾರಕ್ಕೆ ಹೋದಾಗ ಇಟಿಸಿಎಂ ಆಸ್ಪತ್ರೆ ತೋರಿಸಿ, ಮೆಥೋಡಿಸ್ಟ್ ಮಿಷನ್‌ನವರು ಕಟ್ಟಿದ ಆಸ್ಪತ್ರೆ ಇದು, ಇಲ್ಲಿ ಯಾವ ಮನೆಯ ತಾಯಿಯೂ ಹೆರಿಗೆಗೆ ಬರುತ್ತಾಳೆ ಅಂತ ಹೇಳುತ್ತೇನೆ. ದಾರಿಯಲ್ಲಿ ನಡೆಯುವಾಗ ಅಂದರೆ ಇದೂ ಹೌದಲ್ವಾ?

ಇನ್ನು, ಉತ್ತರ ಇಲ್ಲದ ಪ್ರಶ್ನೆಗಳು. ಇದಕ್ಕೆ ತಂದೆ ತಾಯಿ ಜಾಸ್ತಿ ಹೆದರುತ್ತಾರೆ. ನಾನೂ ಹೆದರಿದ್ದೇನೆ.

ಈ ವರ್ಷ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಒಣಗಿತು. ಇನ್ನೊಂದು ಕೊರೆಸಿದೆವು. ನಮ್ಮ ಕಡೆ ಸಾವಿರ ಅಡಿ ಏನೂ ಹೊಸದಲ್ಲ. ರಿಗ್ ಬಂದ ರಾತ್ರಿ ಏಳು ವರ್ಷದ ಮಗಳು ಮಣ್ಣಿನಲ್ಲೇ ಮೊಣಕಾಲೂರಿದಳು. ಸಾವಿರದ ಇನ್ನೂರು ಅಡಿ ದಾಟಿತು. ಬೆಳಗಿನವರೆಗೂ ಬರೀ ಧೂಳು. ಅವಳ ಮುಖದ ಮೇಲೆಲ್ಲ ಬೂದಿ ಬಣ್ಣದ ಪುಡಿ, ಕಣ್ಣೀರು ಇಳಿದ ಕಡೆ ಮಾತ್ರ ಗೆರೆ.

"ನಾನು ನಂಬಿ ಕೇಳಿದೆ. ಯೇಸಪ್ಪ ಯಾಕೆ ಕೊಡಲಿಲ್ಲ?"

ನಿನ್ನ ನಂಬಿಕೆ ಸಾಲದು ಅಂತ ಹೇಳುವವರಿದ್ದಾರೆ. ಮಗುವಿಗೆ ಅಂಥ ಮಾತು ಹೇಳುವುದು ಕ್ರೂರ. ದೇವರು ಇನ್ನೂ ಒಳ್ಳೆಯದನ್ನು ಇಟ್ಟಿದ್ದಾನೆ ಅಂತಲೂ ನಾನು ಹೇಳಲಿಲ್ಲ. ಸಾಲ ಎಷ್ಟಾಗಿದೆ ಅಂತ ಅವಳು ಕೇಳಿಸಿಕೊಂಡಿದ್ದಳು. "ನನಗೆ ಗೊತ್ತಿಲ್ಲ ಪುಟ್ಟಾ" ಅಂದೆ. ಮುಖ ತೊಳೆಸಿ, ಮಡಿಲಲ್ಲಿ ಕೂರಿಸಿಕೊಂಡು ಗೆತ್ಸೇಮನೆ ತೋಟದ ಭಾಗ ಓದಿದೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ, ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಅಂತ ಯೇಸು ತಂದೆಯಾದ ದೇವರನ್ನು ಕೇಳಿಕೊಳ್ಳುವ ಭಾಗ.

"ಹಾಗಾದರೆ ಯೇಸಪ್ಪ ಕೇಳಿದ್ದೂ ಸಿಗಲಿಲ್ವಾ?"

"ಇಲ್ಲ."

"ಆಮೇಲೆ ಅವರಪ್ಪನ ಜೊತೆ ಮಾತು ಬಿಟ್ರಾ?"

"ಬಿಡಲಿಲ್ಲ. ಶಿಲುಬೆಯ ಮೇಲೂ ತಂದೆಯೇ ಅಂತ ಕರೆದ."

ತುಂಬಾ ಹೊತ್ತು ಅವಳು ಏನೂ ಹೇಳಲಿಲ್ಲ. ಹೊರಗೆ ರಿಗ್‌ನವರು ಪೈಪ್ ಎತ್ತಿ ಲಾರಿಗೆ ಹಾಕುತ್ತಿದ್ದರು. ಆಮೇಲೆ ಪುಟದ ಮೇಲೆ ಬೆರಳಿಟ್ಟು, "ಇನ್ನೊಂದ್ಸಲ ಓದಮ್ಮಾ" ಅಂದಳು. ಓದಿದೆ.