ಮತ್ತೆ ದಪ್ಪ ಆಗದೆ ಮಸಲ್ ಬರಿಸೋದು ಹೇಗೆ? ಇನ್ನು ಬಾಯಲ್ಲಿ ಹೇಳಲ್ಲ, ಬರೆದೇ ಹಾಕಿದ್ದೇನೆ

"ತೂಕ ಇಳಿಸಿದ್ದಾಯ್ತು. ಈಗ ಮೈ ಗಟ್ಟಿ ಆಗಬೇಕು, ಆದರೆ ಬೊಜ್ಜು ಮಾತ್ರ ವಾಪಸ್ ಬರಬಾರದು. ಹೇಗೆ?" ನಾನು ಸಣ್ಣಗಾಗಿ ಜಿಮ್ಮಿಗೆ ಸೇರಿದ ಮೇಲೆ ಆಫೀಸಲ್ಲಿ, ಬಸ್ಸಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ಕೇಳುವುದು ಇದನ್ನೇ. ಪ್ರಶ್ನೆಯ ಬಗ್ಗೆ ನನ್ನ ತಕರಾರಿಲ್ಲ. ಅದರ ಹಿಂದೆಯೇ ಬರುವ "ಒಂದೇ ಮಾತಲ್ಲಿ ಹೇಳು" ಇದೆಯಲ್ಲ, ಅದಕ್ಕೆ ನನಗೆ ಮೈ ಉರಿಯುತ್ತೆ. "ಹೊಟ್ಟೆಗೆ ತಿನ್ನಿ, ಭಾರ ಎತ್ತಿ" ಅಂತ ಒಂದೇ ಮಾತಲ್ಲಿ ಹೇಳಿದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ಅವರಿಗೆ ಬೇಕಾಗಿದ್ದು ಯಾವುದೋ ಪ್ರೋಟೀನ್ ಪೌಡರಿನ ಹೆಸರು.

ಮಂಡ್ಯ ಕಡೆ ಒಂದು ಬೀಗರೂಟ. ದೊಡ್ಡಮ್ಮ ನನ್ನನ್ನು ನೋಡಿದವರೇ, "ಏನೇ ಇದು, ಹಿಂಗೆ ಸೊರಗಿ ಹೋಗಿದ್ದೀಯಾ! ಶುಗರ್ರಾ?" ಅಂದರು. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಭಾವ ಶುರು ಮಾಡಿದರು. ಅವರೂ ವಾಕಿಂಗ್ ಮಾಡಿ, ರಾತ್ರಿ ಊಟ ಬಿಟ್ಟು ಸಣ್ಣಗಾದವರು. ಹೊಟ್ಟೆ ಕರಗಿದೆ, ಜೊತೆಗೆ ತೋಳು ತೊಡೆಗಳೂ ಕರಗಿವೆ. ಅವರ ಎಲೆ ನೋಡಿದೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಹೆಬ್ಬೆರಳಲ್ಲಿ ಎಬ್ಬಿಸಿ ಎಲೆಯ ಅಂಚಿಗೆ ತಳ್ಳಿದ್ದರು. ಮಟನ್ ಚೂರುಗಳನ್ನೆಲ್ಲ ಉಪ್ಪಿನ ಪಕ್ಕ ಗುಡ್ಡೆ ಹಾಕಿ, ಬರೀ ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು. "ಮಾಂಸ ತಿಂದ್ರೆ ಮತ್ತೆ ಊದ್ಕೋತೀನಿ ಕಣಮ್ಮ. ಅದಿರಲಿ, ಮಸಲ್ ಬರೋಕೆ ಏನು ತಿನ್ನಬೇಕು?"

ಭಾವ, ನೀವು ಗುಡ್ಡೆ ಹಾಕಿದ್ದನ್ನೇ ತಿನ್ನಬೇಕು.

ಊಟ ಬಿಟ್ಟು ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ವಲ್ಪ ಮಸಲ್ ಕೂಡ ಹೋಗಿರುತ್ತೆ. ಆದರೆ ಯಾವತ್ತೂ ಭಾರ ಎತ್ತದವರಿಗೆ ಒಂದು ಅನುಕೂಲ ಇದೆ. ಶುರುವಿನ ತಿಂಗಳುಗಳಲ್ಲಿ ಮೈ ಬೇಗ ಮಸಲ್ ಕಟ್ಟುತ್ತೆ. ಇನ್ನೂ ಹೊಟ್ಟೆ ಸುತ್ತ ಒಂದಿಷ್ಟು ಉಳಿದಿದ್ದರೆ ಜಾಸ್ತಿ ತಿನ್ನುವ ಅಗತ್ಯವೂ ಇಲ್ಲ. ಈಗಿನ ತೂಕ ನಿಲ್ಲುವಷ್ಟು ತಿಂದರೆ ಸಾಕು, ಮೈಯಲ್ಲಿರುವ ಕೊಬ್ಬೇ ಖರ್ಚಿಗೆ ಬರುತ್ತೆ. ತೀರಾ ಸಣ್ಣಗಾಗಿದ್ದರೆ ದಿನಕ್ಕೆ 200-300 ಕ್ಯಾಲರಿ ಸೇರಿಸಿ. ಅಂದರೆ ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ. ಅಷ್ಟೇ. ಬಲ್ಕಿಂಗ್ (ಮಸಲ್ ಬರಲೆಂದು ಬೇಕಂತಲೇ ಜಾಸ್ತಿ ತಿನ್ನುವುದು) ಅಂತ ಹೇಳಿಕೊಂಡು ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿನ್ನುವವರು ದಯವಿಟ್ಟು ನನ್ನ ಹೆಸರು ಹೇಳಬೇಡಿ.

ಪ್ರೋಟೀನ್ ಲೆಕ್ಕ ಗುಟ್ಟೇನಲ್ಲ. ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ. 60 ಕೆಜಿ ಇದ್ದರೆ 96 ಗ್ರಾಂ. (ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರ್ ಹತ್ತಿರ ಹೋಗಿ.) "ದಿನಾ ಬೇಳೆ ಸಾರು ತಿಂತೀವಲ್ಲ" ಅನ್ನುತ್ತಾರೆ. ನಾಲ್ಕು ಜನಕ್ಕೆ ಒಂದು ಹಿಡಿ ಬೇಳೆ ಹಾಕಿದ ಸಾರು ಅದು, ಸೌಟಿಗೆ ಸಿಗುವುದು ನೀರು. ಬಸ್ಸಾರು ಮಾಡಿದ ದಿನ ಸಾರಿಗಿಂತ ಬಸಿದ ಹುರಳಿಕಾಳಿನ ಪಲ್ಯವನ್ನು ಜಾಸ್ತಿ ಹಾಕಿಕೊಳ್ಳಿ, ಪ್ರೋಟೀನ್ ಇರುವುದು ಅಲ್ಲಿ. ಮೊಟ್ಟೆಯಲ್ಲಿ 6 ಗ್ರಾಂ, ಅದರಲ್ಲಿ ಅರ್ಧಕ್ಕೆ ಹತ್ತಿರ ಭಾವ ಪಕ್ಕಕ್ಕೆ ತಳ್ಳಿದ ಹಳದಿಯಲ್ಲೇ ಇದೆ. ಮಾಂಸ ತಿನ್ನದವರಿಗೆ 50 ಗ್ರಾಂ ಸೋಯಾ ಚಂಕ್ಸ್ ಒಂದರಲ್ಲೇ 25 ಗ್ರಾಂ ಸಿಗುತ್ತೆ. ಇಷ್ಟಾದರೂ ಸಾಲದಿದ್ದರೆ ಪೌಡರ್. ಆ ಪೌಡರ್ ಡಬ್ಬದ ಮೇಲೆ ಬರೆದಿರುವ ವೇ (whey) ಅಂದರೆ ಚೀಸ್ ಮಾಡುವಾಗ ಉಳಿಯುವ ನೀರಿನ ಪ್ರೋಟೀನ್, ಅದಕ್ಕಿಂತ ದೊಡ್ಡ ವಿಷಯವೇನೂ ಅಲ್ಲ.

ಇನ್ನು ಎತ್ತುವುದು. ವಾರಕ್ಕೆ ಮೂರು ದಿನ, ಕೂತೇಳುವುದು, ನೂಕುವುದು, ಎಳೆಯುವುದು, ನೆಲದಿಂದ ಎತ್ತುವುದು. ಎಂಟು ಸಲ ಎತ್ತಲು ಒದ್ದಾಡಿದ್ದನ್ನು ಹನ್ನೆರಡು ಸಲ ಆರಾಮಾಗಿ ಎತ್ತುವ ಹಾಗಾದರೆ ಭಾರ ಹೆಚ್ಚಿಸಿ. ಎರಡು ಕೆಜಿಯ ಅದೇ ಪಿಂಕ್ ಡಂಬೆಲ್ ವರ್ಷವಿಡೀ ಆಡಿಸಿದರೆ ಮೈ ಯಾಕೆ ಬದಲಾಗಬೇಕು ಹೇಳಿ?

ಎಲ್ಲರೂ ಕೈಬಿಡುವುದು ಇದಾದ ಮೇಲೆ. ಶುರು ಮಾಡಿದ ಎರಡು ವಾರದಲ್ಲಿ ತೂಕದ ಮಿಷನ್ ಒಂದು, ಒಂದೂವರೆ ಕೆಜಿ ಜಾಸ್ತಿ ತೋರಿಸಬಹುದು. "ನೋಡಿದ್ರಾ, ಬಂತು ಬೊಜ್ಜು" ಅಂತ ಫೋನ್ ಬರುತ್ತೆ. ಅಷ್ಟು ಬೇಗ ಬೊಜ್ಜು ಬರಬೇಕಾದರೆ ದಿನಾ ಮದುವೆ ಊಟ ಹೊಡೆಯಬೇಕು. ಕೆಲಸಕ್ಕೆ ಬಿದ್ದ ಮಸಲ್ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ಕೂಡಿಡುತ್ತೆ, ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಳ್ಳುತ್ತೆ. ದರ್ಜಿ ಟೇಪು ತಗೊಂಡು ಹೊಕ್ಕುಳ ಹತ್ತಿರ ಅಳೆಯಿರಿ. ಸುತ್ತಳತೆ ಅಷ್ಟೇ ಇದ್ದು, ಎತ್ತುವ ಭಾರ ಏರುತ್ತಿದ್ದರೆ ಸರಿಯಾಗೇ ನಡೀತಿದೆ. ಆದರೆ ಮಿಷನ್ ಮೇಲೆ ಹತ್ತಿ ಹತ್ತಿ ಹೆದರಿದವರಿಗೆ ಈ ಮಾತು ತಲೆಗೇ ಹೋಗಲ್ಲ. ಮತ್ತೆ ಮಟನ್ ಬದಿಗಿಡುತ್ತಾರೆ.

ನನಗೆ ಬೇಜಾರು ಆಗುವುದೂ ಇಲ್ಲೇ. ಎಷ್ಟಿದ್ದೆ, ಎಷ್ಟಾದೆ, ಎಷ್ಟು ಇಳಿಸಿದೆ ಅಂತ ಜಗತ್ತೇ ಕೇಳುತ್ತೆ. ಎಷ್ಟು ಎತ್ತುತ್ತೀಯಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಖುಷಿಯಿಂದ ಹೇಳುತ್ತಿದ್ದೆ. ಜಿಮ್ಮಿನ ಉದ್ದನೆ ಸರಳು ಭಾರದ ತಟ್ಟೆ ಹಾಕದೆಯೇ 20 ಕೆಜಿ ಇರುತ್ತೆ. ಅದನ್ನು ಹೆಗಲ ಮೇಲಿಟ್ಟು ಕೂತರೆ ಮೊದಮೊದಲು ಏಳೋಕೇ ಆಗುತ್ತಿರಲಿಲ್ಲ. ಈಗ ಎರಡೂ ಕಡೆ ತಟ್ಟೆ ಹಾಕಿಕೊಂಡು ಕೂತೇಳುತ್ತೇನೆ. 25 ಕೆಜಿ ಅಕ್ಕಿ ಮೂಟೆ ಬಂದರೆ ಅಂಗಡಿ ಹುಡುಗನಿಗೆ ಬಾಗಿಲಲ್ಲೇ ಇಳಿಸಲು ಹೇಳಿ, ಒಳಗೆ ನಾನೇ ಒಯ್ಯುತ್ತೇನೆ.

ಇದನ್ನು ಹೇಳಿದರೆ ಬರುವ ಮುಂದಿನ ಪ್ರಶ್ನೆಯೂ ಗೊತ್ತು: "ಅಯ್ಯೋ, ಹೆಂಗಸರು ಅಷ್ಟೆಲ್ಲ ಎತ್ತಿದ್ರೆ ಗಂಡಸರ ಥರ ಆಗಲ್ವಾ?" ನಮ್ಮ ಜಿಮ್ಮಿಗೆ ಬಂದು ನೋಡಿ. ಗಂಡಸರೇ ವರ್ಷಗಟ್ಟಲೆ ಎತ್ತಿಯೂ ಇನ್ನೂ ಹಾಗೆ ಆಗಿಲ್ಲ.