ನೋಡಿ ಹೋಗುವವರ ಊರು

ನಮ್ಮ ಅವ್ವನ ತವರು ಬಾದಾಮಿ. ಹಾಗಾಗಿ ಅಗಸ್ತ್ಯ ತೀರ್ಥ ಅಂದರೆ ನನಗೆ ಮೊದಲು ಬಟ್ಟೆ ಒಗೆಯುವ ಕೆರೆ. ಚಾಲುಕ್ಯರು, ಗುಹೆ, ಶಾಸನ ಎಲ್ಲ ಆಮೇಲೆ ಶಾಲೆಯ ಪುಸ್ತಕದಲ್ಲಿ ಬಂದವು. ಸೂಟಿಗೆ ಹೋದಾಗ ಚಿಗವ್ವನ ಹಿಂದೆ ಬಟ್ಟೆ ಗಂಟು ಹೊತ್ತು ನಡೆಯುತ್ತಿದ್ದೆ. ಮೆಟ್ಟಿಲ ಮೇಲೆ ಹತ್ತಾರು ಹೆಂಗಸರು ಒಟ್ಟಿಗೆ ಬಟ್ಟೆ ಬಡಿದರೆ ಆ ಸಪ್ಪಳ ಎರಡೂ ಕಡೆಯ ಕೆಂಪು ಗುಡ್ಡಕ್ಕೆ ಹೊಡೆದು ವಾಪಸ್ ಬರುತ್ತಿತ್ತು.

ಹೋದ ಡಿಸೆಂಬರ್ ಕೊನೆಯ ವಾರ ಹೆಂಡತಿಯ ತಮ್ಮ ಮೈಸೂರಿನಿಂದ ಸಂಸಾರ ಸಮೇತ ಬಂದಿದ್ದ. "ಮಾಮಾ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಒಂದೇ ದಿನದಾಗ ಮುಗೀತಾವಲ್ಲ?" ಅಂದ. ಬರುವವರೆಲ್ಲ ಕೇಳುವುದು ಇದನ್ನೇ. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಮುಗಿಯುತ್ತವೆ. ಬೆಳಕು ಹರಿಯುವ ಮೊದಲೇ ಬಾಗಲಕೋಟೆ ಬಿಟ್ಟೆವು.

ಬಾದಾಮಿ ಮುಟ್ಟುವಷ್ಟರಲ್ಲಿ ಗುಹೆಗಳ ರಸ್ತೆ ತುಂಬಿಹೋಗಿತ್ತು. ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದು ಬಸ್ಸಿನ ಪಕ್ಕ ಮೇಷ್ಟ್ರೊಬ್ಬರು ದೊಡ್ಡ ಬೋಗುಣಿಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದರು, ಮಕ್ಕಳು ತಟ್ಟೆ ಹಿಡಿದು ಕಾಯುತ್ತಿದ್ದರು. ಈ ಮಕ್ಕಳು ಬರಬೇಕು. ಎಷ್ಟು ಗದ್ದಲ ಮಾಡಿದರೂ ಬರಬೇಕು. ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಲೇಶನ ಶಾಸನವಿದೆ, ಕ್ರಿ.ಶ. 578ರದ್ದು. ಅದರ ಎದುರು ಒಬ್ಬ ಹುಡುಗ ಬಾಯಿ ತೆರೆದು ನಿಂತಿದ್ದ. ಹಿಂದಿನವರು ನೂಕಿದರೂ ಅಲ್ಲಾಡಲಿಲ್ಲ.

ಕೆರೆಯ ದಂಡೆಯಲ್ಲಿ ಮಾತ್ರ ನನ್ನ ಮನಸ್ಸು ಕೆಟ್ಟಿತು. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು ನಾಲ್ಕೈದು ಜನ ಅಷ್ಟೇ. ಅವರ ಎದುರಿಗೆ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಮೂವರು. ಒಬ್ಬಾಕೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಮುಖ ಮರೆಮಾಡಿಕೊಂಡು, ಒದ್ದೆ ಕೈಯಿಂದಲೇ ಸೀರೆಯ ಅಂಚನ್ನು ಕಣಕಾಲಿಗೆ ಎಳೆದುಕೊಂಡಳು. ಕ್ಯಾಮೆರಾದವನು ಆ ಕಡೆ ತಿರುಗಿ ಅದನ್ನೂ ತೆಗೆದ. ನಾನು ಹೋಗಿ, "ಕೇಳಿ ತೆಗೀರಿ, ಇದು ಅವರ ಮನೆ ಹಿತ್ತಲಿದ್ದಂಗ," ಅಂದೆ. ಸಾರಿ ಅಂದು ಸರಿದು ಹೋದರು. ಕೆಟ್ಟ ಜನ ಏನಲ್ಲ. ಹಾಗೆ ಕೇಳಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಚಿಗವ್ವ ಈಗ ಕೆರೆಗೆ ಬರುವುದಿಲ್ಲ. ಮನೆಗೆ ಮಶಿನ್ ಬಂದಿದೆ ಅನ್ನುವುದು ಒಂದು ಕಾರಣ. ಇನ್ನೊಂದನ್ನು ಅವಳೇ ಹೇಳಿದಳು: "ಮಾರಿ ಮುಂದ ಕ್ಯಾಮೆರಾ ಹಿಡ್ಕೊಂಡು ನಿಂತರ ಹೆಂಗ ಒಗೀಬೇಕೋ ತಮ್ಮಾ?"

ಮ್ಯೂಜಿಯಂ ಕಡೆ ಹೋಗುವ ಓಣಿಯಲ್ಲಿ ಇನ್ನೊಂದು ನೋಡಿದೆ. ಇಬ್ಬರು ವಿದೇಶಿಯರ ಹಿಂದೆ ಐದಾರು ಮಕ್ಕಳು "ಪೆನ್, ಪೆನ್" ಅಂತ ಕೈ ಚಾಚಿ ಓಡುತ್ತಿದ್ದರು. ಪ್ರೀತಿಯಿಂದ ಕೊಟ್ಟವರೇ ಕಲಿಸಿದ ಅಭ್ಯಾಸ ಇದು. ಇದೇ ಓಣಿಯ ಕಟ್ಟೆಗಳ ಮೇಲೆ ಕೂತ ಹಿರಿಯರು, ನಾವು ಬೇರೆಯವರ ಮನೆಯ ಪೇರಲ ಹಣ್ಣಿಗೆ ಕೈ ಹಾಕಿದರೂ ಗದರಿಸುತ್ತಿದ್ದರು.

ಬಾದಾಮಿ 30 ಸಾವಿರ ಆಸುಪಾಸು ಜನರ ಊರು. 2015ರಲ್ಲಿ ಪಾರಂಪರಿಕ ಊರುಗಳ ಅಭಿವೃದ್ಧಿಗೆ ಅಂತ ಕೇಂದ್ರ ಸರ್ಕಾರ ಮಾಡಿದ ಹೃದಯ್ ಯೋಜನೆಗೆ ದೇಶದಲ್ಲಿ ಆಯ್ಕೆಯಾದ 12 ಊರುಗಳಲ್ಲಿ ಇದೂ ಒಂದು. ವಾರಾಣಸಿ, ಅಮೃತಸರ, ಪುರಿಯ ಸಾಲಿನಲ್ಲಿ ನಮ್ಮ ಬಾದಾಮಿ! ಆಗ ಇಲ್ಲಿನ ಸೋದರಮಾವನ ಮನೆಯಲ್ಲಿ ಎಲ್ಲರಿಗೂ ಖುಷಿಯಾಗಿತ್ತು. ಹೆಸರು ಬಂದಿದ್ದಕ್ಕೆ ನನಗೂ ಹೆಮ್ಮೆ ಇದೆ. ನನ್ನ ಸಂಕಟ ಬೇರೆ. ಬಂದವರು ಹೊಸಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ಮಲಗಿ, ಹಗಲು ಇಲ್ಲಿ ಓಡಾಡಿ, ಸಂಜೆಗೆ ವಾಪಸ್ ಹೋಗುತ್ತಾರೆ. ಊರಿಗೆ ಉಳಿಯುವುದು ಪಾರ್ಕಿಂಗ್ ದುಡ್ಡು, ನೀರಿನ ಬಾಟಲಿಯ ದುಡ್ಡು, ಆಮೇಲೆ ಆ ಖಾಲಿ ಬಾಟಲಿ. ಊರ ಹೊರಗಿನ ರಸ್ತೆ ಬದಿಯ ಹೊಲಗಳು ಒಂದೊಂದಾಗಿ ಹೊರಗಿನವರ ಕೈಗೆ ಹೋಗುತ್ತಿವೆ. ಅಲ್ಲೇ ಜೋಳ ಬೆಳೆಯುತ್ತಿದ್ದವರ ಮಕ್ಕಳು ಅಲ್ಲೇ ಗೇಟ್ ಕಾಯುತ್ತಾರೆ.

ಬಂಡೆ ಹತ್ತಲು ಬರುವ ಹುಡುಗ, ಹುಡುಗಿಯರ ಕತೆ ಬೇರೆ. ಬಾದಾಮಿಯ ಮರಳುಗಲ್ಲಿನ ಗೋಡೆಗಳು ರಾಕ್ ಕ್ಲೈಂಬಿಂಗ್‌ಗೆ ದೇಶದಲ್ಲೇ ಹೆಸರಾಗಿವೆ. ಚಳಿಗಾಲದಲ್ಲಿ ಬಂದರೆ ವಾರಗಟ್ಟಲೆ ಇರುತ್ತಾರೆ. ಓಣಿಯಲ್ಲಿ ರೂಮು ಹಿಡಿಯುತ್ತಾರೆ, ಖಾನಾವಳಿಯಲ್ಲಿ ಉಣ್ಣುತ್ತಾರೆ, ಕಿರಾಣಿ ಅಂಗಡಿಯವರ ಹೆಸರು ಹಿಡಿದು ಮಾತಾಡಿಸುತ್ತಾರೆ. ಮಾವನ ಓಣಿಯಲ್ಲಿ ಯಾರೂ ಅವರನ್ನು ಟೂರಿಸ್ಟ್ ಅನ್ನುವುದಿಲ್ಲ, "ಗುಡ್ಡದ ಹುಡುಗ್ರು" ಅಂತಾರೆ.

ಮಧ್ಯಾಹ್ನ ಊಟಕ್ಕೆ ಬನಶಂಕರಿಗೆ ಹೋದೆವು. ಬಾದಾಮಿಯಿಂದ ಐದು ಕಿಲೋಮೀಟರ್. ಬನದ ಹುಣ್ಣಿಮೆಯ ಜಾತ್ರೆ ಹತ್ತಿರ ಬಂದಿತ್ತು, ನಾಟಕ ಕಂಪನಿಗಳ ತಗಡಿನ ಶೆಡ್ಡುಗಳು ಏಳುತ್ತಿದ್ದವು. ಹೊಂಡದ ದಂಡೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕನ ಮುಂದೆ ನಾವೂ ಕೂತೆವು. ಮೇಲಿನ ಬಿಳಿ ಅರಿವೆ ಸರಿಸಿದಳು. ಎಳ್ಳು ಹಚ್ಚಿದ ಕಡಕ್ ರೊಟ್ಟಿ, ಮೆತ್ತನೆ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಪುಟ್ಟ ಗಡಿಗೆಯಲ್ಲಿ ಕೆನೆ ಮೊಸರು, ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಮೈಸೂರಿನ ಮಕ್ಕಳು ಖಾರಕ್ಕೆ ಹಾ ಹಾ ಅನ್ನುತ್ತಲೇ ಇನ್ನೊಂದು ರೊಟ್ಟಿ ಕೇಳಿದರು. "ತಿನ್ರೀ ಯಪ್ಪಾ, ಹೊಟ್ಟಿ ತುಂಬ ತಿನ್ರಿ," ಅನ್ನುತ್ತ ಅವಳು ಕೇಳದೆ ಇನ್ನಷ್ಟು ಪಲ್ಯ ಹಾಕಿದಳು.

ಇಲ್ಲಿ ಕೊಟ್ಟ ದುಡ್ಡು ನೇರ ಒಂದು ಮನೆಗೆ ಹೋಗುತ್ತದೆ. ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿದವಳ ಕೈಗೇ. ಮಗಳ ನರ್ಸಿಂಗ್ ಫೀಸು ಇದೇ ಬುಟ್ಟಿಯಿಂದ ಕಟ್ಟಿದ್ದೇನೆ ಅಂದಳು. "ಕುಂದ್ರಾಕ ಜಾಗಾ ಒಂದು ಗಟ್ಟಿ ಆಗಬೇಕ್ರಿ. ಇವತ್ತು ಇಲ್ಲಿ ಕುಂದ್ರು ಅಂತಾರ, ನಾಳೆ ಏಳು ಅಂತಾರ." ಪ್ರವಾಸೋದ್ಯಮ ಅಂತ ಏನೇನೋ ಕಟ್ಟುತ್ತಾರಲ್ಲ, ಈ ಹೆಂಗಸರಿಗೆ ನೆರಳಿನ ಒಂದು ಕಟ್ಟೆ, ಕೈ ತೊಳೆಯಲು ಒಂದು ನಲ್ಲಿ ಮೊದಲು ಆಗಬೇಕಲ್ವಾ?

ಪಟ್ಟದಕಲ್ಲನ್ನು ಬೇಗ ನೋಡಿದೆವು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ. ಬಿಸಿಲಿಗೆ ಮಕ್ಕಳು ಸೋತಿದ್ದರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಈ ಗುಡಿಗಳ ಸುತ್ತ ನೀರು ನಿಂತ ಚಿತ್ರ ದೇಶವೆಲ್ಲ ನೋಡಿತು. ಅದೇ ನೀರು ಪಕ್ಕದ ಮನೆಗಳಿಗೂ ನುಗ್ಗಿತ್ತು. ಜೋಳದ ಚೀಲ ನೆನೆದಿದ್ದನ್ನು ಅಲ್ಲಿಯವರು ಇನ್ನೂ ನೆನಪು ಮಾಡಿಕೊಳ್ಳುತ್ತಾರೆ.

ಐಹೊಳೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಇಲ್ಲಿ ಗುಡಿ ಯಾವುದು, ಊರು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಲಾಡಖಾನ್ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ. ಶತಮಾನಗಳ ಕಾಲ ಜನ ಈ ಗುಡಿಗಳಲ್ಲೇ, ಇವುಗಳ ಗೋಡೆಗೆ ಒರಗಿಯೇ ಬದುಕಿದರು. ಲಾಡಖಾನ್ ಅನ್ನುವವರು ವಾಸವಿದ್ದ ಗುಡಿಗೆ ಅವರದೇ ಹೆಸರು ಉಳಿದಿದೆ. ಈಗ ಊರನ್ನೇ ಸ್ಥಳಾಂತರಿಸಬೇಕು ಅನ್ನುವ ಮಾತು ವರ್ಷಗಳಿಂದ ನಡೆದಿದೆ. ಐಹೊಳೆ ಮತ್ತು ಬಾದಾಮಿಯನ್ನೂ ವಿಶ್ವ ಪರಂಪರೆಗೆ ಸೇರಿಸಲು ತಾತ್ಕಾಲಿಕ ಪಟ್ಟಿಯಲ್ಲಿ ಹೆಸರು ಹಾಕಿದ್ದಾರೆ. ಜನ ಇನ್ನೂ ಜಾಸ್ತಿ ಬರುತ್ತಾರೆ.

ಮನೆಯವರೆಲ್ಲ ದುರ್ಗ ಗುಡಿಯ ಹತ್ತಿರ ಫೋಟೊ ತೆಗೆಯುತ್ತಿದ್ದಾಗ ನಾನು ಓಣಿಯೊಳಗೆ ನಡೆದೆ. ಒಂದು ಮನೆಯ ಪಕ್ಕದ ಮಣ್ಣಿನ ಗೋಡೆ ಪೂರ್ತಿ ಬಿದ್ದಿತ್ತು. ಆ ಜಾಗಕ್ಕೆ ನೀಲಿ ತಾಡಪತ್ರಿ ಕಟ್ಟಿ, ಗಾಳಿಗೆ ಹಾರದಂತೆ ಕೆಳಗೆ ಕಲ್ಲು ಹೇರಿದ್ದರು. ಕಟ್ಟೆಯ ಮೇಲೆ ಹಿರಿಯರೊಬ್ಬರು ಕೂತಿದ್ದರು. "ಏನಾತ್ರಿ ಕಾಕಾ?" ಅಂದೆ.

"ಮಳಿಗೆ ಗ್ವಾಡಿ ಬಿತ್ತು ತಮ್ಮಾ. ಕಟ್ಟಾಕ ಕೇಳಿ ಅರ್ಜಿ ಕೊಟ್ಟೇನಿ. ಆ ಕಚೇರಿಯವರು ಈ ಕಚೇರಿ ಅಂತಾರ, ಈ ಕಚೇರಿಯವರು ಆ ಕಚೇರಿ ಅಂತಾರ."

ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ಒಪ್ಪಿಗೆ ಇಲ್ಲದೆ ಕಟ್ಟುವಂತಿಲ್ಲ. ಹೆಜ್ಜೆಗೊಂದು ಗುಡಿ ಇರುವ ಐಹೊಳೆಯಲ್ಲಿ ಈ ಅಳತೆ ಹಿಡಿದರೆ ಊರಿನೊಳಗೆ ಕಟ್ಟಲು ಜಾಗ ಎಷ್ಟು ಉಳಿದೀತು? ಗುಡಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಗುಡಿಯ ಪಕ್ಕ ಮೂರಂತಸ್ತಿನ ಲಾಡ್ಜ್ ಏಳಬಾರದು. ಆದರೆ ಲಾಡ್ಜ್ ಕಟ್ಟುವವನಿಗೂ ಬಿದ್ದ ಗೋಡೆ ಎತ್ತುವವನಿಗೂ ಒಂದೇ ಬಾಗಿಲು, ಒಂದೇ ಕಾಯುವಿಕೆ ಅಂದರೆ ನ್ಯಾಯ ಅಲ್ಲ. ಇಷ್ಟು ತಲೆಮಾರು ಈ ಕಲ್ಲುಗಳ ಜೊತೆ ಬದುಕಿದವರು ಅವರು.

ಕಾಕಾ ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಅರ್ಜಿಯ ಪ್ರತಿ ತಂದರು. ಮಡಿಕೆಗಳಲ್ಲಿ ಹರಿದಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಬಾಗಲಕೋಟೆಯಲ್ಲಿ ಪರಿಚಯದ ವಕೀಲರಿಗೆ ತೋರಿಸಿದಾಗ, ಮನೆ ಗುಡಿಯಿಂದ ಎಷ್ಟು ದೂರ ಅನ್ನುವ ನಕ್ಷೆಯೂ ಗೋಡೆಯ ಚಿತ್ರಗಳೂ ಬೇಕು ಅಂದರು. ಸಂಕ್ರಾಂತಿ ಕಳೆದ ಮೇಲೆ ಎಲ್ಲ ಸೇರಿಸಿ ಕಾಕಾನನ್ನು ಕರೆದುಕೊಂಡು ಹೋಗಿ ಹೊಸ ಅರ್ಜಿ ಕೊಟ್ಟೆವು. ಈ ಸಲ ಸ್ವೀಕೃತಿ ಚೀಟಿ ಕೈಗೆ ಸಿಕ್ಕಿದೆ. ಮುಂಗಾರಿನೊಳಗೆ ಗೋಡೆ ಏಳಬೇಕು. ಕಚೇರಿಗೆ ಹೋಗಿ ಕೇಳುತ್ತಲೇ ಇದ್ದೇನೆ.