ಬೆರಳು ತೂರದ ಜಾಗದಲ್ಲಿ ಒಂದು ಬೋಲ್ಟ್

ಮೊನ್ನೆ ನನ್ನ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಸ್ಪಾರ್ಕ್ ಪ್ಲಗ್ ಬದಲಾಯಿಸಲು ಕೂತೆ. ಒಟ್ಟು ಆರು ಪ್ಲಗ್. ಹಿಂದುಗಡೆಯ ಮೂರು ಇಪ್ಪತ್ತು ನಿಮಿಷದಲ್ಲಿ ಮುಗಿದವು. ಸೀಟಿನ ಕಡೆಯ ಮೂರಕ್ಕೆ ಒಂದೂವರೆ ದಿನ ಹಿಡಿಯಿತು.

ಈ ಕಾರಿನಲ್ಲಿ ಇಂಜಿನ್ ಸೀಟುಗಳ ಬೆನ್ನಿಗೇ ಅಡ್ಡಡ್ಡ ಕೂತಿದೆ. ನಡುವೆ ಇರುವುದು ಒಂದು ಅಂಗೈ ಅಗಲದ ಸಂದಿ, ಅದರ ಮೇಲೆ ಇಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್. ಅದನ್ನು ತೆಗೆಯದೆ ಪ್ಲಗ್ ಕಾಣುವುದೇ ಇಲ್ಲ. ಅದನ್ನು ತೆಗೆಯಬೇಕೆಂದರೆ ಹತ್ತಾರು ಪೈಪು, ವೈರು, ಕ್ಲಿಪ್ಪು ಬಿಚ್ಚಬೇಕು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಪ್ಲಾಸ್ಟಿಕ್ ಅಲ್ವಾ, ಮುಟ್ಟಿದ ಮೊದಲ ಕ್ಲಿಪ್ಪೇ ಒಣಗಿದ ಎಲೆ ಹಾಗೆ ಪುಡಿಯಾಯಿತು. ಕೊನೆಯ ಬೋಲ್ಟ್ ಕಣ್ಣಿಗೆ ಬೀಳುವುದಿಲ್ಲ, ಎರಡು ಬೆರಳಲ್ಲಿ ತಡವಿ ಹುಡುಕಿ, ಸ್ಪ್ಯಾನರ್ ಕೂರಿಸಿ, ಒಂದಿಷ್ಟು ತಿರುಗಿಸಿ, ಮತ್ತೆ ತೆಗೆದು ಮತ್ತೆ ಕೂರಿಸಬೇಕು. ಅಷ್ಟರಲ್ಲಿ ಸ್ಪ್ಯಾನರ್ ತುದಿಗೆ ಹಾಕುವ ಸಾಕೆಟ್ ಕೈ ಜಾರಿತು. ಟಣ್ ಅಂದಿತು, ಇನ್ನೊಂದು ಸಲ ಟಣ್ ಅಂದಿತು, ನೆಲಕ್ಕೆ ಬಿದ್ದ ಸದ್ದು ಮಾತ್ರ ಬರಲಿಲ್ಲ. ಕಾರಿನ ತಳ ಮುಚ್ಚುವ ತಟ್ಟೆಯ ಮೇಲೆ ಎಲ್ಲೋ ಕೂತಿತ್ತು. ಆ ತಟ್ಟೆಗೆ ಹದಿನಾಲ್ಕು ಬೋಲ್ಟ್.

ಭಾಗಗಳು ಕೆಡುತ್ತವೆ ಅನ್ನೋದು ನನಗೆ ಬೇಜಾರಲ್ಲ. ಉಜ್ಜುವುದು ಸವೆಯುತ್ತದೆ, ಬಿಸಿಯಾಗುವುದು ಬಿರುಕು ಬಿಡುತ್ತದೆ. ಅಂಗೈಯಲ್ಲಿ ಹಿಡಿಸುವ ಒಂದು ವಸ್ತುವಿಗಾಗಿ ಅರ್ಧ ಕಾರು ಬಿಚ್ಚಬೇಕಲ್ಲ, ಅದು ಬೇಜಾರು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಫೆರಾರಿ ಎಫ್‌355 ನೋಡಿ. 1994ರಲ್ಲಿ ಬಂದ ಕಾರು, ಇವತ್ತಿಗೂ ಅದರ ಸದ್ದು ಕೇಳಿದರೆ ನಾನು ನಿಂತುಬಿಡುತ್ತೇನೆ. ಎಂಟು ಸಿಲಿಂಡರ್, ಒಂದೊಂದಕ್ಕೆ ಐದು ವಾಲ್ವ್, ಒಟ್ಟು 40. ಇವನ್ನೆಲ್ಲ ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವುದು ರಬ್ಬರಿನ ಟೈಮಿಂಗ್ ಬೆಲ್ಟ್. ಅದು ಹರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಹೊಡೆಯುತ್ತದೆ, ಇಂಜಿನ್ ಕಥೆ ಮುಗಿಯಿತು. ಹಾಗಾಗಿ ಕಾರು ಓಡಲಿ, ಸುಮ್ನೆ ನಿಂತಿರಲಿ, ಕೆಲವು ವರ್ಷಕ್ಕೊಮ್ಮೆ ಬೆಲ್ಟ್ ಬದಲಾಯಿಸಲೇಬೇಕು. ಆ ಬೆಲ್ಟ್ ಇರುವುದು ಸೀಟಿನ ಹಿಂದಿನ ಗೋಡೆಗೆ ಒತ್ತಿಕೊಂಡು. ಬದಲಾಯಿಸಲು ಇಡೀ ಇಂಜಿನ್ ಕೆಳಗಿಳಿಸಬೇಕು! ಟೆಸ್ಟರೋಸಾ, 348 ಎರಡರಲ್ಲೂ ಇದೇ ಪಾಡು. 1999ರ 360 ಮಾಡೆಲ್‌ನಲ್ಲಿ ಸೀಟಿನ ಹಿಂದೆ ಒಂದು ಮುಚ್ಚಳ ಕೊಟ್ಟರು, ಅದನ್ನು ತೆಗೆದರೆ ಬೆಲ್ಟ್ ಕೈಗೆ ಸಿಗುತ್ತದೆ. ಆಮೇಲೆ ಎಫ್‌430ಗೆ ಬೆಲ್ಟ್ ಬದಲು ಚೈನ್ ಬಂತು. ಅಂದರೆ ಮನಸ್ಸು ಮಾಡಿದರೆ ದಾರಿ ಇತ್ತು. ನನಗೆ ಸಿಟ್ಟು ಬರುವುದೇ ಇಲ್ಲಿ.

ಪೋರ್ಷೆ 996 ಕಥೆ ಇನ್ನೂ ಸಂಕಟದ್ದು. ಇಂಜಿನ್ ಒಳಗೆ ಇಂಟರ್‌ಮೀಡಿಯಟ್ ಶಾಫ್ಟ್ ಅಂತ ಒಂದು ದಂಡವಿದೆ, ವಾಲ್ವ್ ಆಡಿಸುವ ಚೈನ್‌ಗಳನ್ನು ತಿರುಗಿಸುವುದು ಅದೇ. ಅದರ ತುದಿಯಲ್ಲಿ ಒಂದು ಸಣ್ಣ ಬೇರಿಂಗ್. ಅದು ಪುಡಿಯಾದರೆ ಟೈಮಿಂಗ್ ತಪ್ಪುತ್ತದೆ, ಲೋಹದ ಚೂರು ಎಣ್ಣೆ ಜೊತೆ ಎಲ್ಲ ಕಡೆ ಹರಿಯುತ್ತದೆ. ಎಲ್ಲ ಕಾರಿನಲ್ಲೂ ಆಗುವುದಿಲ್ಲ, ಆಗುವಾಗ ಹೇಳಿ ಕೇಳಿ ಆಗುವುದೂ ಇಲ್ಲ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಬಿಚ್ಚಬೇಕು. ಅದಕ್ಕೇ ತಿಳಿದವರು ಕ್ಲಚ್ ಬದಲಾಯಿಸುವಾಗಲೇ ಈ ಬೇರಿಂಗನ್ನೂ ಬದಲಾಯಿಸಿಬಿಡುತ್ತಾರೆ. ಅದೇ ಕಾಲದ 996 ಟರ್ಬೋ, ಜಿಟಿ3ಗಳ ಇಂಜಿನ್ ಬೇರೆ, ಅವಕ್ಕೆ ಈ ಕಾಟ ಇಲ್ಲ.

ಹಳೆಯ ಕಾಲದಲ್ಲಿ ಎಲ್ಲ ಸುಲಭ ಇತ್ತು ಅನ್ನುವವರಿಗೆ 1961ರ ಜಾಗ್ವಾರ್ ಇ-ಟೈಪ್ ತೋರಿಸುತ್ತೇನೆ. ಹಿಂದಿನ ಬ್ರೇಕ್ ಡಿಸ್ಕ್ ಚಕ್ರದಲ್ಲಿ ಇಲ್ಲ, ಒಳಗೆ, ಎರಡೂ ಹಿಂಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಪಕ್ಕದಲ್ಲಿದೆ. ಚಕ್ರದ ಭಾರ ಕಡಿಮೆಯಾಗಿ ಓಟ ಚೆನ್ನಾಗಿರುತ್ತದೆ, ಒಪ್ಪಿದೆ. ಆದರೆ ಬ್ರೇಕಿನ ಬಿಸಿಗೆ ಆಯಿಲ್ ಸೀಲ್ ಗಟ್ಟಿಯಾಗಿ, ಸೋರಿದ ಎಣ್ಣೆ ನೇರ ಡಿಸ್ಕ್ ಮೇಲೆ. ಡಿಸ್ಕ್ ಬದಲಾಯಿಸಲು ಸಾಮಾನ್ಯವಾಗಿ ಹಿಂದಿನ ಸಸ್ಪೆನ್ಷನ್ ಪೂರ್ತಿ ಇಳಿಸುತ್ತಾರೆ.

ಮೆಕ್ಲಾರೆನ್ ಎಫ್1ಗೆ ತೊಂದರೆ ಬೇರೆ ಥರದ್ದು. 106 ಕಾರು ಮಾತ್ರ ತಯಾರಾದವು, ಅವುಗಳ ಸರ್ವಿಸ್‌ಗೆ ಎಷ್ಟೋ ವರ್ಷ 1990ರ ದಶಕದ ಒಂದು ಕಾಂಪ್ಯಾಕ್ ಲ್ಯಾಪ್‌ಟಾಪನ್ನೇ ಜೋಪಾನ ಮಾಡಬೇಕಾಯಿತು, ಕಾರಿನ ಕಂಪ್ಯೂಟರ್ ಓದಲು ಅದೇ ಬೇಕಿತ್ತು. ಮಜ್ದಾ ಆರ್‌ಎಕ್ಸ್-8ರ ರೋಟರಿ ಇಂಜಿನ್‌ನಲ್ಲಿ ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುತ್ತದೆ, ಅದರ ಮೂಲೆಗಳ ಅಪೆಕ್ಸ್ ಸೀಲ್ ಸವೆದರೆ ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಬೇಕು.

ಕಾರಣ ಗೊತ್ತಿಲ್ಲದೆ ಬೈಯುತ್ತಿಲ್ಲ. ಭಾರ ಕೆಳಗಿರಬೇಕು, ನಡುವೆ ಇರಬೇಕು, ಮೂತಿ ತಗ್ಗಾಗಿರಬೇಕು. ಹಾಗೆ ಒತ್ತಿ ಒತ್ತಿ ತುಂಬಿದಾಗ ಮೊದಲು ಹೋಗುವುದು ಮೆಕ್ಯಾನಿಕ್‌ನ ಕೈಗೆ ಬೇಕಾದ ಜಾಗ. ಗಾಳಿ ಆಡದೆ ಬಿಸಿಯೂ ಜಾಸ್ತಿ. ಆದರೂ ಅದೇ ಮಜ್ದಾದ ಎಂಎಕ್ಸ್-5 ಬಾನೆಟ್ ಎತ್ತಿ ನೋಡಿ, ಪ್ಲಗ್ ಎದುರಿಗೇ ಕೂತಿರುತ್ತದೆ. ಅದೂ ಸ್ಪೋರ್ಟ್ಸ್ ಕಾರೇ.

ಯಾರಾದರೂ ಇಂಥ ಕಾರು ಕೊಳ್ಳುತ್ತೇನೆ ಅಂದರೆ ಏನು ಕೆಡುತ್ತದೆ ಅಂತಷ್ಟೇ ಕೇಳಬೇಡಿ, ಅದನ್ನು ಮುಟ್ಟಲು ಏನೇನು ಬಿಚ್ಚಬೇಕು ಅಂತ ಕೇಳಿ ಅನ್ನುತ್ತೇನೆ. ಹಿಂದಿನ ಮಾಲೀಕರ ಸರ್ವಿಸ್ ಬಿಲ್ ಇದ್ದರೆ ಅದನ್ನೇ ಕೂತು ಓದಿ.

ಸಾಕೆಟ್ ಸಿಕ್ಕಿತು. ಪ್ಲಗ್ ಮೂರೂ ಕೂತವು. ಮ್ಯಾನಿಫೋಲ್ಡ್ ವಾಪಸ್ ಇಡುವ ಮುಂಚೆ ಕೆಳಗಿದ್ದ ನೀರಿನ ಪೈಪ್ ಹಿಸುಕಿ ನೋಡಿದೆ. ಎಲ್ಲೂ ಸೋರುತ್ತಿರಲಿಲ್ಲ, ಆದರೆ ರಬ್ಬರ್ ಸ್ವಲ್ಪ ಗಟ್ಟಿಯಾಗಿತ್ತು. ಹೊಸ ಪೈಪ್‌ಗೆ ಆರ್ಡರ್ ಕೊಟ್ಟು, ಅದು ಬರುವವರೆಗೆ ನಾಲ್ಕು ದಿನ ಕಾರನ್ನು ಹಾಗೇ ಬಿಚ್ಚಿಟ್ಟಿದ್ದೆ.